ಪುಟ್ಟ ನಾಯಿಗಳಿರುವ ಮನೆಗೆ ನೆಂಟನಾಗಿ ದೊಡ್ಡ ನಾಯಿ ಬಂದಾಗ

ಮೈಸೂರಿನ ನಮ್ಮ ಮನೆಯಲ್ಲಿ ಎರಡು ಪುಟ್ಟ ನಾಯಿಗಳಿವೆ. ಬೆಳ್ಳಿಗೆ ಹತ್ತು ವರ್ಷ, ತೂಕ 6 ಕಿಲೋ. ನೋಡಿದವರೆಲ್ಲ ಅವಳನ್ನು ಪಾಮ್ ಎನ್ನುತ್ತಾರೆ. ಆದರೆ ನಮ್ಮಲ್ಲಿ ಆ ಹೆಸರಿನಿಂದ ಸಾಕುವ ಬಹುಪಾಲು ನಾಯಿಗಳಂತೆ ಅವಳೂ ಇಂಡಿಯನ್ ಸ್ಪಿಟ್ಜ್. ಚುಕ್ಕಿ ಮೂರು ವರ್ಷದ ಡ್ಯಾಶ್‌ಹುಂಡ್, 8 ಕಿಲೋ ತೂಗುತ್ತಾಳೆ. ಕಳೆದ ವರ್ಷ ಜಮಖಂಡಿಯಲ್ಲಿರುವ ನನ್ನ ತಂಗಿ ಫೋನು ಮಾಡಿ, “ಅಕ್ಕಾ, ನಾವು ಕಾಶಿಗೆ ಹೋಗಿ ಬರೋ ತನಕ ಭೈರನ್ನ ಹನ್ನೆರಡು ದಿನ ನಿಮ್ಮನೇಲಿ ಇಟ್ಕೋತೀಯಾ?” ಎಂದು ಕೇಳಿದಳು. ಭೈರ ಮುಧೋಳ ತಳಿಯವನು, ತೂಕ 24 ಕಿಲೋ. ನನ್ನ ಎರಡೂ ನಾಯಿಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟರೂ ಅವನಿಗಿಂತ ಹತ್ತು ಕಿಲೋ ಕಡಿಮೆ.

ಆ ಹನ್ನೆರಡು ದಿನಗಳು ಯಾರಿಗೂ ಗಾಯವಾಗದೆ ಕಳೆದವು. ಅದಕ್ಕೆ ಅದೃಷ್ಟಕ್ಕಿಂತ ಹೆಚ್ಚಾಗಿ, ಅದಕ್ಕೂ ಎರಡು ವರ್ಷ ಮೊದಲು ಪಕ್ಕದ ಮನೆಯ ಲ್ಯಾಬ್ರಡಾರ್ ಒಂದನ್ನು ಎರಡು ದಿನದ ಮಟ್ಟಿಗೆ ಇಟ್ಟುಕೊಂಡಾಗ ನಾನು ಮಾಡಿದ ತಪ್ಪುಗಳು ಕಾರಣ. ಆಗ ಕಲಿತದ್ದನ್ನೂ ಭೈರ ಬಂದಾಗ ಪಾಲಿಸಿದ್ದನ್ನೂ, ಇಂಥದೇ ಕೋರಿಕೆ ಬಂದಿರುವ ಮನೆಯವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಒಂದು ವಿಷಯವನ್ನು ಮೊದಲೇ ಹೇಳಬೇಕು. ಬಂದ ನಾಯಿಯೂ ಮನೆಯ ನಾಯಿಗಳೂ ಸ್ನೇಹಿತರಾಗಬೇಕೆಂಬ ಆಸೆಯನ್ನು ಬದಿಗಿಡಿ. ಸ್ನೇಹವಾದರೆ ಸಂತೋಷವೇ, ಆದರೆ ನಾವು ದುಡಿಯಬೇಕಾದದ್ದು ಮೂರೂ ಪ್ರಾಣಿಗಳು ಹೆದರಿಕೆಯಿಲ್ಲದೆ ಉಂಡು, ನಿದ್ರೆ ಮಾಡಿ, ಹೊರಗೆ ಹೋಗಿ ಬರುವಂತೆ ಮಾಡುವುದಕ್ಕಾಗಿ. ಸ್ನೇಹ ಮಾಡಿಸುವ ಅವಸರದಲ್ಲಿಯೇ ಹೆಚ್ಚಿನ ಅನಾಹುತಗಳು ಆಗುತ್ತವೆ.

ಒಪ್ಪುವ ಮೊದಲು ಕೇಳಬೇಕಾದದ್ದು

ಒಡಹುಟ್ಟಿದವರು ಕೇಳಿದಾಗ ಪ್ರಶ್ನೆ ಕೇಳುವುದಕ್ಕೆ ಸಂಕೋಚವಾಗುತ್ತದೆ. ಆದರೂ ಕೇಳಲೇಬೇಕು. ಲಸಿಕೆಯ ಪುಸ್ತಕದ ಫೋಟೋ ಕಳಿಸಲು ಹೇಳಿ, ದಿನಾಂಕಗಳನ್ನು ನೀವೇ ಓದಿರಿ. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲ ಬಾರಿ ಹಾಕಿಸಿ, ಬೂಸ್ಟರ್ ಕೊಡಿಸಿ, ಅನಂತರ ನಮ್ಮಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಾಕಿಸುತ್ತಾರೆ. ಡಿಸ್ಟೆಂಪರ್, ಪಾರ್ವೋ, ಲೆಪ್ಟೋಸ್ಪೈರೋಸಿಸ್ ಮುಂತಾದವುಗಳಿಗೆ ಒಟ್ಟಿಗೆ ಕೊಡುವ ಲಸಿಕೆಯ ಅವಧಿಯೂ ಮೀರಿರಬಾರದು. ಮೀರಿದ್ದರೆ ಬರುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಲಿ. ಚುಚ್ಚಿದ ಮರುದಿನವೇ ಮೈಯಲ್ಲಿ ರಕ್ಷಣೆ ಹುಟ್ಟುವುದಿಲ್ಲ. ನಿಮ್ಮ ನಾಯಿಗಳ ಪುಸ್ತಕವನ್ನೂ ಅದೇ ಹೊತ್ತಿಗೆ ತೆಗೆದು ನೋಡಿ. ಮನೆಯಲ್ಲಿ ಲಸಿಕೆಗಳು ಪೂರ್ತಿಯಾಗದ ಎಳೆಯ ಮರಿಯಿದ್ದರೆ ಬೇರೆ ನಾಯಿಯನ್ನು ಕರೆಸಿಕೊಳ್ಳದಿರುವುದೇ ಸರಿ. ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಕಾಲಿಗೆ ಅಂಟಿಯೂ ಬರುತ್ತದೆ.

ಎರಡನೆಯ ಪ್ರಶ್ನೆ ಉಣ್ಣೆಯದು. ಉಣ್ಣೆ ಕಚ್ಚಿದ್ದರಿಂದ ಬರುವ ಜ್ವರಕ್ಕೆ, ಅಂದರೆ ಎರ್ಲಿಕಿಯಾ ಮತ್ತು ಬೆಬೀಸಿಯಾ ಸೋಂಕುಗಳಿಗೆ, ನಮ್ಮ ಊರುಗಳಲ್ಲಿ ಅನೇಕ ನಾಯಿಗಳು ಬಲಿಯಾಗುತ್ತವೆ. ಪಶುವೈದ್ಯರು ತೂಕ ನೋಡಿ ಬರೆದುಕೊಟ್ಟ ಗುಳಿಗೆಯನ್ನೋ ಬೆನ್ನಿಗೆ ಹನಿಸುವ ಔಷಧವನ್ನೋ ಹೊರಡುವ ಕೆಲವು ದಿನ ಮೊದಲು ಕೊಟ್ಟಿರಲಿ. 24 ಕಿಲೋ ನಾಯಿಗೆ ತಂದದ್ದರಲ್ಲಿ ಉಳಿದದ್ದನ್ನು 6 ಕಿಲೋ ನಾಯಿಗೆ ಹಾಕಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ನಾಯಿಗೆ ಹಾಕುವ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಬರುವುದು ಹೆಣ್ಣು ನಾಯಿಯಾದರೆ ಬೆದೆಗೆ ಬರುವ ಕಾಲವೇ ಎಂದು ವಿಚಾರಿಸಿ. ಬೆದೆ ಸುಮಾರು ಮೂರು ವಾರ ಇರುತ್ತದೆ. ಆ ದಿನಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಗಂಡು ನಾಯಿಯಿರುವ ಮನೆಗೆ ಅದನ್ನು ತರುವುದು ಯಾರಿಗೂ ಹಿತವಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಈ ನಾಯಿ ಇದುವರೆಗೆ ತನಗಿಂತ ಚಿಕ್ಕ ಪ್ರಾಣಿಗಳ ಜೊತೆ ಹೇಗೆ ನಡೆದುಕೊಂಡಿದೆ? ಬೆಕ್ಕನ್ನು, ಅಳಿಲನ್ನು, ಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತದೆಯೇ? ಹಿಡಿದಿದೆಯೇ? ಮುಧೋಳ ನಾಯಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ಬಯಲಿನಲ್ಲಿ ಓಡುವ ಮೊಲವನ್ನು ಬೆನ್ನಟ್ಟುವುದಕ್ಕೆಂದೇ ತಲೆಮಾರುಗಳಿಂದ ಅದನ್ನು ಬೆಳೆಸಿಕೊಂಡು ಬಂದಿದ್ದಾರೆ. ಮನೆಯವರೊಂದಿಗೆ ಎಷ್ಟೇ ಸಾಧುವಾಗಿದ್ದರೂ, ಬಿಳಿಯ ರೋಮದ ಪುಟ್ಟದೊಂದು ಪ್ರಾಣಿ ಕೀರಲು ದನಿಯಲ್ಲಿ ಕಿರುಚುತ್ತ ಓಡಿದರೆ ಅದರ ಕಣ್ಣಿಗೆ ಒಂದು ಕ್ಷಣ ಅದು ನಾಯಿಯಾಗಿ ಕಾಣದೆ ಹೋಗಬಹುದು. ಇದು ನಾಯಿಯ ಕೆಟ್ಟತನವಲ್ಲ, ಹುಟ್ಟಿನಿಂದ ಬಂದ ಸೆಳೆತ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ನಮ್ಮ ಬೀದಿಯ ದೇಸಿ ನಾಯಿ, ಯಾವುದರಲ್ಲಿಯೂ ಈ ಸೆಳೆತ ಒಂದಿಷ್ಟು ಇದ್ದೇ ಇರುತ್ತದೆ. ಚಿಕ್ಕ ಪ್ರಾಣಿಯನ್ನು ಹಿಂದೆ ಕೊಂದಿರುವ ನಾಯಿಯಾದರೆ, ತಂಗಿಯ ಮನೆಯದ್ದೇ ಆಗಿರಲಿ, ಬೇಡವೆಂದು ಹೇಳಿ, ಅವರ ಊರಿನಲ್ಲಿಯೇ ನಂಬಿಕೆಯ ಒಂದು ಜಾಗ ಹುಡುಕಲು ಸಹಾಯ ಮಾಡಿ. ಭೈರನು ತಂಗಿಯ ಓಣಿಯ ಕೋಳಿಗಳನ್ನು ಅಟ್ಟಿದ್ದನೇ ಹೊರತು ಹಿಡಿದಿರಲಿಲ್ಲ. ಅವರ ಮನೆಯ ಬೆಕ್ಕಿನ ಜೊತೆ ನಾಲ್ಕು ವರ್ಷ ಬಾಳಿದ್ದ. ಅದನ್ನು ಕೇಳಿದ ಮೇಲೆಯೇ ನಾನು ಹೂಂ ಎಂದದ್ದು.

ಮನೆಯನ್ನು ಸಿದ್ಧ ಮಾಡಿಕೊಳ್ಳುವುದು

ಬರುವ ನಾಯಿಗೆ ಬಾಗಿಲು ಹಾಕಬಹುದಾದ ಒಂದು ಕೋಣೆ ಬೇಕು. ಕೋಣೆಯಿಲ್ಲದಿದ್ದರೆ ಹಜಾರದ ಒಂದು ಭಾಗವನ್ನಾದರೂ ಅಡ್ಡಗಟ್ಟಿ ಬೇರೆ ಮಾಡಬೇಕು. ಅಂಗಡಿಯಲ್ಲಿ ಸಿಗುವ, ಮಗುವನ್ನು ತಡೆಯುವ ಗೇಟು ದೊಡ್ಡ ನಾಯಿಗೆ ಸಾಕಾಗುವುದಿಲ್ಲ. ಭೈರನಂಥವನು ನಿಂತಲ್ಲಿಂದಲೇ ದಾಟಿಬಿಡುತ್ತಾನೆ. ನಾವು ಬಡಗಿಯನ್ನು ಕರೆಸಿ ಹಿಂದಿನ ಕೋಣೆಯ ಬಾಗಿಲಿಗೆ ನಾಲ್ಕೂವರೆ ಅಡಿಯ ಮರದ ಗೇಟು ಹಾಕಿಸಿದೆವು. ಅದರ ಕೆಳಗೆ ಚುಕ್ಕಿ ನುಸುಳದಂತೆ ನೆಲಕ್ಕೂ ಗೇಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿಯಿರಬಾರದೆಂದು ಹೇಳಿದ್ದೆ. ಚಿಕ್ಕ ನಾಯಿಗಳಿರುವ ಮನೆಯಲ್ಲಿ ಗೇಟಿನ ಎತ್ತರವನ್ನು ಎಲ್ಲರೂ ನೋಡುತ್ತಾರೆ, ಕೆಳಗಿನ ಸಂದಿಯನ್ನು ಮರೆಯುತ್ತಾರೆ.

ಮನೆಯ ನಾಯಿಗಳಿಗೂ ದೊಡ್ಡ ನಾಯಿಗೆ ಎಟುಕದ ಜಾಗಗಳಿರಬೇಕು. ಬೆಳ್ಳಿ ವಯಸ್ಸಾದವಳು, ನಮ್ಮ ಮಂಚದ ಪಕ್ಕದ ಗೋಣಿತಾಟಿನ ಮೇಲೆ ಮಲಗುವ ಅಭ್ಯಾಸದವಳು. ಆ ಕೋಣೆಗೆ ಭೈರನಿಗೆ ಒಂದು ದಿನವೂ ಪ್ರವೇಶವಿರಲಿಲ್ಲ. ನೆಂಟರಿಗಾಗಿ ಮನೆಯ ಮುದುಕರನ್ನು ಹಾಸಿಗೆಯಿಂದ ಎಬ್ಬಿಸುವುದು ಹೇಗೆ ತಪ್ಪೋ ಇದೂ ಹಾಗೆಯೇ.

ನೆಲವನ್ನೂ ಗಮನಿಸಿ. ವಿಟ್ರಿಫೈಡ್ ಟೈಲ್ಸ್‌ನ ಮೇಲೆ ನಾಯಿಗಳು ಓಡಿದರೆ ಕಾಲು ಜಾರುತ್ತದೆ. ಡ್ಯಾಶ್‌ಹುಂಡ್‌ನಂಥ ಉದ್ದ ಬೆನ್ನಿನ, ಗಿಡ್ಡ ಕಾಲಿನ ನಾಯಿಗೆ ಬೆನ್ನುಮೂಳೆಯ ನಡುವಿನ ಬಿಲ್ಲೆ ಜರುಗುವ ಕಾಯಿಲೆ ಉಳಿದವಕ್ಕಿಂತ ಹೆಚ್ಚು. ಸೋಫಾದಿಂದ ಗಾಬರಿಯಲ್ಲಿ ಧುಮುಕಿದ ಒಂದೇ ನೆಗೆತಕ್ಕೆ ಹಿಂಗಾಲು ಸ್ವಾಧೀನ ತಪ್ಪಿದ ನಾಯಿಗಳಿವೆ. ಆದ್ದರಿಂದ ಓಡಾಡುವ ದಾರಿಯಲ್ಲಿ ಜಮಖಾನ ಅಥವಾ ರಬ್ಬರಿನ ಚಾಪೆಗಳನ್ನು ಹಾಸಿ, ಸೋಫಾದ ಮುಂದೆ ಒಂದು ಇಳಿಜಾರು ಹಲಗೆಯನ್ನು ಇಡಿ. ಆಟಿಕೆ, ಅಗಿಯುವ ಎಲುಬು, ಊಟದ ಬಟ್ಟಲು, ಎಲ್ಲವನ್ನೂ ಎತ್ತಿ ಕಪಾಟಿನಲ್ಲಿಡಿ. ನೆಲದ ಮೇಲೆ ಬಿದ್ದಿರುವ ಹಳೆಯ ಚೆಂಡು ನಿಮಗೆ ಕಸ, ಅದರ ಒಡತಿಗೆ ಆಸ್ತಿ.

ಕಾಂಪೌಂಡಿನ ಗೋಡೆ, ಗೇಟಿನ ಚಿಲಕ, ಬಾಲ್ಕನಿಯ ಕಂಬಿಗಳ ನಡುವಿನ ಅಂತರ, ಇವನ್ನು ಬಂದ ನಾಯಿಯ ಕಣ್ಣಿನಿಂದ ಒಮ್ಮೆ ನೋಡಿ. ಹೊಸ ಊರಿಗೆ ಬಂದ ನಾಯಿಗೆ ಮೊದಲ ಎರಡು ಮೂರು ದಿನ ತನ್ನ ಮನೆಗೆ ಓಡಿಹೋಗುವ ಹಂಬಲವಿರುತ್ತದೆ, ತಪ್ಪಿಸಿಕೊಂಡರೆ ದಾರಿ ಗೊತ್ತಿರುವುದಿಲ್ಲ. ಅದರ ಕೊರಳಲ್ಲಿ ನಿಮ್ಮ ಫೋನ್ ನಂಬರು ಕೆತ್ತಿಸಿದ ಬಿಲ್ಲೆ ಇರಲಿ. ಅದರ ಯಜಮಾನರ ನಂಬರಷ್ಟೇ ಇದ್ದರೆ, ಸಿಕ್ಕವರು ಕರೆ ಮಾಡಿದಾಗ ಅವರು ಕಾಶಿಯ ಘಾಟಿನಲ್ಲಿರುತ್ತಾರೆ. ಮುಧೋಳದಂಥ ತಳಿಯ ತಲೆ ಕಿರಿದು, ಕೊರಳು ಬಲವಾದದ್ದು. ಸಾಮಾನ್ಯ ಬೆಲ್ಟು ಹಿಂದಕ್ಕೆ ಎಳೆದರೆ ಕಿವಿಯ ಮೇಲಿಂದ ಜಾರಿ ಕೈಗೆ ಬರುತ್ತದೆ. ಎಳೆದಾಗ ತಕ್ಕಮಟ್ಟಿಗೆ ಬಿಗಿಯಾಗುವ ಅಗಲವಾದ ಪಟ್ಟಿಯನ್ನು ಬಳಸಿ. ಪುಟ್ಟ ನಾಯಿಗಳಿಗಂತೂ ಎದೆಗೆ ಹಾಕುವ ಪಟ್ಟಿಯೇ ಸರಿ. ಪಾಮ್, ಸ್ಪಿಟ್ಜ್ ಮುಂತಾದವುಗಳ ಶ್ವಾಸನಾಳ ಸೂಕ್ಷ್ಮ, ಕೊರಳಿಗೆ ಎಳೆತ ಬಿದ್ದರೆ ಒಣಕೆಮ್ಮು ಶುರುವಾಗುತ್ತದೆ.

ಮನೆಯ ಹಿರಿಯರ ಮಾತನ್ನೂ ಈ ಹಂತದಲ್ಲಿಯೇ ಕೇಳಬೇಕು. ನಮ್ಮ ಅತ್ತೆಯವರು ದಿನವೂ ಮಡಿಯುಟ್ಟು ಪೂಜೆ ಮಾಡುವವರು. ಅಡುಗೆಮನೆಗೂ ದೇವರ ಮನೆಗೂ ನಾಯಿ ಬರಬಾರದೆಂಬ ಅವರ ಒಂದೇ ಷರತ್ತನ್ನು ಬೆಳ್ಳಿ, ಚುಕ್ಕಿ ಇಬ್ಬರೂ ವರ್ಷಗಳಿಂದ ಪಾಲಿಸಿದ್ದಾರೆ. ಭೈರನಿಗೆ ಅದು ತಿಳಿಯದು. ಹಾಗಾಗಿ ಆ ಎರಡು ಬಾಗಿಲುಗಳನ್ನು ಮುಚ್ಚಿಡುವುದು ನಮ್ಮ ಹೊಣೆಯಾಯಿತು. ಇನ್ನೊಂದು ಅಪಾಯ ಎಡವುವುದರದು. ಎಪ್ಪತ್ತು ದಾಟಿದವರ ಕಾಲಿಗೆ ನಾಯಿಯ ಹಗ್ಗ ಸುತ್ತಿಕೊಂಡರೆ ಸೊಂಟದ ಮೂಳೆ ಮುರಿಯುವಷ್ಟು ಜೋರಾಗಿ ಬೀಳುತ್ತಾರೆ. ಹಿರಿಯರು ಓಡಾಡುವ ಹೊತ್ತಿನಲ್ಲಿ ನಾಯಿಗೆ ಉದ್ದ ಹಗ್ಗ ಬಿಟ್ಟಿರಬಾರದು.

ಮೊದಲ ಭೇಟಿ

ದೂರದ ಊರಿನಿಂದ ಬಂದ ನಾಯಿಯನ್ನು ಬಂದ ಗಳಿಗೆಯಲ್ಲಿಯೇ ಪರಿಚಯ ಮಾಡಿಸಬೇಡಿ. ಭೈರ ಕಾರಿನಲ್ಲಿ ಇಡೀ ದಿನ ಪ್ರಯಾಣ ಮಾಡಿ ರಾತ್ರಿ ಒಂಬತ್ತಕ್ಕೆ ತಲುಪಿದ. ರೈಲಿನಲ್ಲಿ ಕರೆತರುವುದಾದರೆ ಎಸಿ ಫಸ್ಟ್ ಕ್ಲಾಸ್‌ನ ಇಡೀ ಕೂಪೆಯನ್ನು ಕಾಯ್ದಿರಿಸಬೇಕು, ಇಲ್ಲವೇ ಲಗೇಜು ಬೋಗಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಆ ಪೆಟ್ಟಿಗೆಯ ಪ್ರಯಾಣ ನಾಯಿಗೆ ಎಷ್ಟು ಭಯಾನಕವೆಂದರೆ ಕಾರು ಸಿಕ್ಕರೆ ಕಾರೇ ಮೇಲು. ಆ ರಾತ್ರಿ ಬೆಳ್ಳಿ, ಚುಕ್ಕಿ ನಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ಭೈರನನ್ನು ಹಿತ್ತಲಿನಲ್ಲಿ ಅಡ್ಡಾಡಿಸಿ, ನೀರು ಕೊಟ್ಟು, ಅವನ ಮನೆಯಿಂದಲೇ ಬಂದ ಕಂಬಳಿಯ ಮೇಲೆ ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ಮಲಗುವ ಮುನ್ನ ಬೆಳ್ಳಿಯ ಹಳೆಯ ಟವೆಲನ್ನು ಭೈರನ ಗೇಟಿನ ಬಳಿಯೂ ಭೈರನ ಮೈ ಒರೆಸಿದ ಬಟ್ಟೆಯನ್ನು ನಮ್ಮ ಕೋಣೆಯ ಮೂಲೆಯಲ್ಲಿಯೂ ಇಟ್ಟೆ. ಮುಖ ನೋಡುವ ಮೊದಲು ವಾಸನೆಯ ಪರಿಚಯವಾಗಲಿ ಎಂಬುದು ಉದ್ದೇಶ.

ಮರುದಿನ ಬೆಳಿಗ್ಗೆ ಆರಕ್ಕೆ, ಮೂರು ಜನ ದೊಡ್ಡವರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ಭೇಟಿ ಮನೆಯ ಹೊರಗೆ, ಯಾರದ್ದೂ ಅಲ್ಲದ ಜಾಗದಲ್ಲಿ ನಡೆಯಬೇಕು. ನಮ್ಮ ಬೀದಿಗಳಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಬೀದಿನಾಯಿಗಳ ಗುಂಪು ಬಂದರೆ ಎಲ್ಲವೂ ಕೆಡುತ್ತದೆ. ಹಿಂದಿನ ದಿನವೇ ದಾರಿಯನ್ನು ನೋಡಿಕೊಂಡು, ಯಾವ ತಿರುವಿನಲ್ಲಿ ಯಾವ ನಾಯಿಗಳು ಮಲಗುತ್ತವೆಂದು ತಿಳಿದುಕೊಂಡು, ಖಾಲಿಯಿರುವ ಅಡ್ಡರಸ್ತೆಯನ್ನು ಆರಿಸಿಕೊಳ್ಳಬೇಕು.

ನಾಯಿಗಳನ್ನು ಎದುರುಬದುರು ತರಬೇಡಿ. ರಸ್ತೆಯ ಆ ಬದಿಯಲ್ಲಿ ಒಂದು, ಈ ಬದಿಯಲ್ಲಿ ಇನ್ನೊಂದು, ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ಹಗ್ಗ ಸಡಿಲವಾಗಿರಲಿ, ಬಿಗಿದ ಹಗ್ಗದ ಮೂಲಕ ನಿಮ್ಮ ಕೈಯ ಆತಂಕ ನಾಯಿಯ ಕೊರಳಿಗೆ ಇಳಿಯುತ್ತದೆ. ಒಂದರ ಮೇಲೊಂದು ಕಣ್ಣು ನೆಡುವುದನ್ನು ಬಿಟ್ಟು ನೆಲ ಮೂಸುವುದು, ಗಿಡಕ್ಕೆ ಉಚ್ಚೆ ಹೊಯ್ಯುವುದು ಶುರುವಾದರೆ ಅಂತರವನ್ನು ಸ್ವಲ್ಪ ಕಡಿಮೆ ಮಾಡಿ. ನಮಗೆ ಇಪ್ಪತ್ತು ಅಡಿಯಿಂದ ಐದು ಅಡಿಗೆ ಬರಲು ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಹಿಂದಿನಿಂದ ಬಂದು ಬಾಲದ ಬುಡ ಮೂಸಲು ಬಿಟ್ಟು, ಮನಸ್ಸಿನಲ್ಲಿ ಮೂರು ಎಣಿಸಿ, ಮೆಲ್ಲನೆ ಕರೆದು ಮುಂದೆ ನಡೆದೆವು. ಮೂರು ಎಣಿಸುವಷ್ಟು ಹೊತ್ತೇ ಸಾಕು. ಹೆಚ್ಚು ಹೊತ್ತು ನಿಂತರೆ ಮೈ ಸೆಟೆಯುತ್ತದೆ.

ಇಲ್ಲಿಯೇ ಪುಟ್ಟ ನಾಯಿಗಳನ್ನು ಸಾಕಿದವರೆಲ್ಲ ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೆ. ಲ್ಯಾಬ್ರಡಾರ್ ಹತ್ತಿರ ಬಂದಾಗ ಹೆದರಿ ಬೆಳ್ಳಿಯನ್ನು ಬಾಚಿ ಎತ್ತಿಕೊಂಡೆ. ಅದು ಎತ್ತಿದ್ದನ್ನು ನೋಡುವುದಕ್ಕೆಂದು ನನ್ನ ಎದೆಯ ಮೇಲೆ ನೆಗೆಯಿತು. ನಾನು ಹಿಂದಕ್ಕೆ ಬಿದ್ದೆ, ನನ್ನ ಕೈಯಿಂದ ಜಾರಿದ ಬೆಳ್ಳಿ ಕಲ್ಲುಚಪ್ಪಡಿಯ ಮೇಲೆ ಬಿದ್ದು ಮುಂಗಾಲು ಉಳುಕಿಸಿಕೊಂಡಳು. ಎತ್ತಿ ಹಿಡಿದ ವಸ್ತು ನಾಯಿಗೆ ಇನ್ನಷ್ಟು ಕುತೂಹಲದ್ದು. ಎತ್ತುವ ಬದಲು ನೀವು ಎರಡು ನಾಯಿಗಳ ನಡುವೆ ನಿಂತು, ಚಿಕ್ಕದನ್ನು ಕಾಲ ಹಿಂದೆ ಇಟ್ಟುಕೊಂಡು, ಬದಿಗೆ ಸರಿದು ನಡೆಯಿರಿ. ಕಚ್ಚುವುದೇ ಖಂಡಿತವೆಂಬ ಹೊತ್ತಿನಲ್ಲಿ ಎತ್ತಲೇಬೇಕಾಗುತ್ತದೆ, ಆಗ ಬೆನ್ನು ತಿರುಗಿಸಿ ಎತ್ತಿ.

ವಾಪಸಾದ ಮೇಲೆ ಭೈರನನ್ನು ಮೊದಲು ಒಳಗೆ ಕರೆದುಕೊಂಡು ಹೋಗಿ, ಹಗ್ಗ ಹಿಡಿದೇ ಹಜಾರವನ್ನೆಲ್ಲ ಮೂಸಲು ಬಿಟ್ಟು, ಅವನು ಕುಳಿತ ಮೇಲೆ ಬೆಳ್ಳಿ, ಚುಕ್ಕಿಯರನ್ನು ಕರೆತಂದೆವು. ತಾವು ಒಳಗಿರುವಾಗ ಬಾಗಿಲಿನಲ್ಲಿ ಹೊಸಬ ಕಾಣಿಸಿಕೊಂಡರೆ ಮನೆಯ ನಾಯಿಗಳು ಹೊಸ್ತಿಲು ಕಾಯಲು ಮುಂದಾಗುತ್ತವೆ. ಈ ಕ್ರಮದಲ್ಲಿ ಅದು ತಪ್ಪಿತು.

ಮೈಯ ಮಾತನ್ನು ಓದುವುದು

ನಾಯಿ ಬೊಗಳುವುದಕ್ಕೆ ಬಹಳ ಮೊದಲೇ ತನ್ನ ಕಷ್ಟವನ್ನು ಹೇಳಿರುತ್ತದೆ. ಎರಡನೆಯ ದಿನ ಸಂಜೆ ಬೆಳ್ಳಿ ದಿವಾನದ ಕೆಳಗೆ ಮಲಗಿದ್ದಳು, ಭೈರ ಐದಾರು ಅಡಿ ದೂರದಲ್ಲಿ ಹಗ್ಗಕ್ಕೆ ಕಟ್ಟಿಸಿಕೊಂಡು ಕುಳಿತಿದ್ದ. ನೋಡಿದವರಿಗೆ ಎಲ್ಲವೂ ಶಾಂತ. ಆದರೆ ಬೆಳ್ಳಿ ತಿನ್ನಲು ಏನೂ ಇಲ್ಲದಿದ್ದರೂ ಮೂಗನ್ನು ನೆಕ್ಕಿಕೊಳ್ಳುತ್ತಿದ್ದಳು. ನಿದ್ರೆ ಬಾರದಿದ್ದರೂ ಆಕಳಿಸಿದಳು. ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣನ್ನು ಮಾತ್ರ ಭೈರನ ಕಡೆ ಇಟ್ಟಿದ್ದರಿಂದ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತಿತ್ತು. ಇದು ನೆಮ್ಮದಿಯಲ್ಲ, ಸಹಿಸುವಿಕೆ. ನಾನು ಭೈರನನ್ನು ಅವನ ಕೋಣೆಗೆ ಕರೆದೊಯ್ದೆ. ಎರಡು ನಿಮಿಷದಲ್ಲಿ ಬೆಳ್ಳಿ ಮೈಕೊಡವಿ ಹೊರಬಂದು ನೀರು ಕುಡಿದಳು.

ಬಂದ ನಾಯಿಯಲ್ಲಿ ನೋಡಬೇಕಾದದ್ದು ಬೇರೆ. ಬಾಯಿ ಮುಚ್ಚಿ, ಮೈ ಕಲ್ಲಿನಂತೆ ನಿಂತು, ಕಿವಿ ಮುಂದೆ ಮಾಡಿ, ಓಡಾಡುವ ಪುಟ್ಟ ನಾಯಿಯ ಮೇಲೆ ನೆಟ್ಟ ದೃಷ್ಟಿ ಕದಲದಿದ್ದರೆ ಅದು ಬೇಟೆಯ ನೋಟ. ಹೆಸರು ಹಿಡಿದು ಕರೆದರೂ ಕಿವಿ ಅಲುಗದಿದ್ದರೆ ಆ ಕ್ಷಣವೇ ಬೇರೆ ಮಾಡಿ. ಕೂಗಬೇಡಿ, ಹೊಡೆಯಬೇಡಿ, ಹಗ್ಗ ಹಿಡಿದು ಸುಮ್ಮನೆ ಕರೆದೊಯ್ಯಿರಿ. ಮುಂಗಾಲನ್ನು ನೆಲಕ್ಕೆ ಒತ್ತಿ ಹಿಂಭಾಗ ಎತ್ತಿ, ಸಡಿಲವಾದ ಮೈಯಿಂದ ಕುಪ್ಪಳಿಸಿದರೆ ಆಟಕ್ಕೆ ಕರೆಯುತ್ತಿದೆಯೆಂದರ್ಥ. ಆದರೆ ಆಟವೂ 24 ಕಿಲೋದ ಆಟವೇ. ಪ್ರೀತಿಯಿಂದ ಇಟ್ಟ ಪಂಜವೇ ಡ್ಯಾಶ್‌ಹುಂಡ್‌ನ ಬೆನ್ನಿಗೆ ಸಾಕಷ್ಟು ಭಾರ. ಹಾಗಾಗಿ ನಮ್ಮ ಮನೆಯಲ್ಲಿ ಓಡುವ ಆಟಕ್ಕೆ ಎಡೆಯಿರಲಿಲ್ಲ.

ಗುರ್ ಎಂದ ನಾಯಿಯನ್ನು ಗದರಿಸಬೇಡಿ. ಗುರ್‌ಗುಟ್ಟುವುದು ಎಚ್ಚರಿಕೆ. ಗದರಿಸಿ ಅದನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಹಲ್ಲು ಬೀಳುತ್ತದೆ.

ಊಟ, ನಿದ್ರೆ, ನಿತ್ಯದ ಓಡಾಟ

ಮೂರು ನಾಯಿಗಳಿಗೂ ಮೂರು ಜಾಗದಲ್ಲಿ, ಬಾಗಿಲು ಹಾಕಿ, ಒಂದೇ ಹೊತ್ತಿಗೆ ಊಟ ಹಾಕಬೇಕು. ಹದಿನೈದು ನಿಮಿಷದ ಮೇಲೆ ಬಟ್ಟಲುಗಳನ್ನು ಎತ್ತಿ ತೊಳೆದಿಟ್ಟು ಆಮೇಲೆಯೇ ಬಾಗಿಲು ತೆಗೆಯಬೇಕು. ಬಂದ ನಾಯಿಯ ಊಟವನ್ನು ಬದಲಿಸಬೇಡಿ. ಭೈರ ಜೋಳದ ರೊಟ್ಟಿ, ಹಾಲು, ಮೊಟ್ಟೆಗೆ ಒಗ್ಗಿದವನು. ನಮ್ಮವರದು ಅನ್ನ, ಬೇಯಿಸಿದ ಕೋಳಿ, ಕ್ಯಾರೆಟ್. ತಂಗಿ ಹನ್ನೆರಡು ದಿನಕ್ಕಾಗುವಷ್ಟು ಜೋಳದ ಹಿಟ್ಟನ್ನು ಕಳಿಸಿದ್ದಳು. ಮೊದಲ ದಿನ ಅವನು ಬಟ್ಟಲು ಮೂಸಿ ಹೊರಟುಹೋದ. ಹೊಸ ಮನೆಯಲ್ಲಿ ಒಂದು ದಿನ ಊಟ ಬಿಡುವುದು ಆರೋಗ್ಯವಾದ ದೊಡ್ಡ ನಾಯಿಗೆ ಅಪಾಯವಲ್ಲ, ನೀರು ಕುಡಿಯುತ್ತಿದ್ದರೆ ಸಾಕು. ಆದರೆ ತೀರ ಪುಟ್ಟ ತಳಿಯ ಮರಿಗಳು ಹಾಗಲ್ಲ. ಕೆಲವು ಗಂಟೆ ಉಪವಾಸವಿದ್ದರೂ ರಕ್ತದ ಸಕ್ಕರೆ ಕುಸಿದು ತೂರಾಡುತ್ತವೆ. ಗಲಾಟೆಯಲ್ಲಿ ಅವುಗಳ ಊಟ ತಪ್ಪದಂತೆ ನೋಡಿಕೊಳ್ಳಿ.

ನೆಂಟರು, ಹಬ್ಬ, ಮಕ್ಕಳ ರಜೆ ಸೇರಿದಾಗ ಯಾರು ಏನು ತಿನ್ನಿಸಿದರೆಂದು ತಿಳಿಯುವುದಿಲ್ಲ. ಪಾಯಸ, ಕೇಸರಿಬಾತಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಹಸಿ ದ್ರಾಕ್ಷಿಯೂ ಅಷ್ಟೇ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. 5 ಕಿಲೋ ತೂಕದ ನಾಯಿಗೆ 20 ಗ್ರಾಂ ಕಡುಗಪ್ಪು ಚಾಕೊಲೇಟ್ ಕೂಡ ವಾಂತಿ, ನಡುಕ ತರಬಹುದು. ತುಪ್ಪ ಸುರಿದ ಹೋಳಿಗೆಯಿಂದ ಪುಟ್ಟ ನಾಯಿಗಳಿಗೆ ಮೇದೋಜೀರಕದ ಉರಿಯೂತ ಬರಬಹುದು. ಬೇಯಿಸಿದ ಕೋಳಿಯ ಮೂಳೆ ಚೂಪಾಗಿ ಸೀಳುತ್ತದೆ. ದೊಡ್ಡ ನಾಯಿ ಜೀರ್ಣಿಸಿಕೊಂಡದ್ದನ್ನು ನೋಡಿ ಚಿಕ್ಕದಕ್ಕೂ ಕೊಡುವುದು ಇಂಥ ದಿನಗಳ ಸಾಮಾನ್ಯ ತಪ್ಪು. ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ.

ನಿದ್ರೆಗೆ ಬೇರೆ ಬೇರೆ ಕೋಣೆ. ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಾಗ, ಸ್ನಾನಕ್ಕೆ ಹೋದ ಹತ್ತು ನಿಮಿಷವಾದರೂ, ದೊಡ್ಡದನ್ನೂ ಚಿಕ್ಕದನ್ನೂ ಒಟ್ಟಿಗೆ ಬಿಡಬಾರದು. ಹತ್ತು ದಿನ ಚೆನ್ನಾಗಿದ್ದರು, ಇನ್ನೇನು ಎಂದು ಹನ್ನೊಂದನೆಯ ದಿನ ಸಡಿಲಿಸಬಾರದು. ನಾವು ಒಂದು ಗುರುತು ಮಾಡಿಕೊಂಡಿದ್ದೆವು. ಭೈರ ಹಜಾರದಲ್ಲಿರುವಾಗ ನಮ್ಮ ಕೋಣೆಯ ಬಾಗಿಲಿನ ಚಿಲಕಕ್ಕೆ ಹಳೆಯ ರವಿಕೆಯ ಕೆಂಪು ಬಟ್ಟೆಯ ತುಂಡೊಂದನ್ನು ಕಟ್ಟುತ್ತಿದ್ದೆ. ಕೆಂಪು ಬಟ್ಟೆ ಕಂಡರೆ ಕೇಳದೆ ಆ ಬಾಗಿಲನ್ನು ಯಾರೂ ತೆಗೆಯುವಂತಿಲ್ಲ. ಶಾಲೆಯಿಂದ ಓಡಿಬರುವ ಎಂಟು ವರ್ಷದ ಮಗನಿಗೂ, ಕನ್ನಡಕ ಮರೆತು ಓಡಾಡುವ ಅತ್ತೆಯವರಿಗೂ, ಬೆಳಿಗ್ಗೆ ಕೆಲಸಕ್ಕೆ ಬರುವ ಅಕ್ಕನಿಗೂ ಅದು ಅರ್ಥವಾಗುತ್ತಿತ್ತು.

ಮಕ್ಕಳಿಗೆ ಮೂರೇ ಮಾತು ಹೇಳಿದ್ದೆ: ಮಲಗಿರುವ, ಉಣ್ಣುತ್ತಿರುವ ನಾಯಿಯನ್ನು ಮುಟ್ಟಬಾರದು, ಭೈರನ ಕೊರಳು ತಬ್ಬಬಾರದು, ಅವನ ಮುಂದೆ ಚುಕ್ಕಿಯ ಜೊತೆ ಓಡಬಾರದು. ಗೇಟಿನ ಚಿಲಕ ಹಾಕುವ ಕೆಲಸವನ್ನು ಮಾತ್ರ ಮಗುವಿಗೆ ವಹಿಸಬೇಡಿ. ತಪ್ಪಾದರೆ ಆ ಭಾರವನ್ನು ಮಗು ಹೊರಬಾರದು.

ಗಂಡು ನಾಯಿ ಹೊಸ ಮನೆಯಲ್ಲಿ ಒಂದೆರಡು ಕಡೆ ಕಾಲೆತ್ತುವುದು ಸಹಜ. ಭೈರ ಆರಿಸಿಕೊಂಡದ್ದು ಫ್ರಿಜ್ಜಿನ ಮೂಲೆಯನ್ನು. ಬೈದರೆ ಪ್ರಯೋಜನವಿಲ್ಲ. ಬಟ್ಟೆಯಿಂದ ಹೀರಿಸಿ, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ, ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ದರೆ ಎರಡು ದಿನದಲ್ಲಿ ನಿಲ್ಲುತ್ತದೆ. ಗಾಢವಾದ ಫಿನೈಲ್ ಬಳಸಬೇಡಿ. ನೆಲಕ್ಕೆ ಹತ್ತಿರದ ಪುಟ್ಟ ನಾಯಿಗಳು ಅದನ್ನೇ ಕಾಲಿನಿಂದ ನೆಕ್ಕುತ್ತವೆ.

ಜಗಳ ಬಿದ್ದರೆ

ಬಾಯಿಗಳ ನಡುವೆ ಕೈ ಹಾಕಬಾರದು. ಎಷ್ಟೋ ಮಾಲೀಕರ ಕೈಗೆ ಹೊಲಿಗೆ ಬಿದ್ದಿರುವುದು ಇದರಿಂದಲೇ. ತಟ್ಟೆ ಬಡಿದು ಸದ್ದು ಮಾಡಿ, ಬಕೆಟ್ ನೀರನ್ನು ಮುಖಕ್ಕೆ ಎರಚಿ, ಕಂಬಳಿ ಎಸೆಯಿರಿ, ನಡುವೆ ಹಲಗೆಯನ್ನೋ ಕುರ್ಚಿಯನ್ನೋ ತೂರಿಸಿ. ದೊಡ್ಡ ನಾಯಿ ಕಚ್ಚಿ ಹಿಡಿದಿದ್ದರೆ ಎಳೆಯಬಾರದು, ಸೀಳಿಹೋಗುತ್ತದೆ. ಬಿಟ್ಟ ಕ್ಷಣದಲ್ಲಿ ಹಿಂಗಾಲು ಹಿಡಿದು ಹಿಂದಕ್ಕೆ ಸೆಳೆಯಬೇಕು. ಬಿಡಿಸಿದ ಮೇಲೆ ಪುಟ್ಟ ನಾಯಿಯ ಮೈಮೇಲೆ ಎರಡೇ ಹಲ್ಲಿನ ಗುರುತು ಕಂಡರೂ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ. ದೊಡ್ಡ ನಾಯಿ ಚಿಕ್ಕದನ್ನು ಹಿಡಿದು ಕೊಡವಿದಾಗ ಚರ್ಮದ ಮೇಲೆ ಕಾಣುವುದಕ್ಕಿಂತ ಎದೆ, ಹೊಟ್ಟೆಯ ಒಳಗಿನ ಪೆಟ್ಟು ಬಹಳ ಹೆಚ್ಚಾಗಿರುತ್ತದೆ. ಆರಾಮವಾಗಿ ಮಲಗಿರುವಾಗ ನಾಯಿ ನಿಮಿಷಕ್ಕೆ ಮೂವತ್ತಕ್ಕಿಂತ ಕಡಿಮೆ ಬಾರಿ ಉಸಿರಾಡುತ್ತದೆ. ಅದಕ್ಕಿಂತ ಏರಿ ಇಳಿಯದಿದ್ದರೆ, ವಸಡು ಬಿಳಿಚಿದರೆ, ಬೆಳಗಾಗುವ ತನಕ ಕಾಯಬೇಡಿ.

ಮನುಷ್ಯರಿಗೆ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ ಏನನ್ನೂ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮ ನಾಯಿಗೆ ಲಸಿಕೆಯಾಗಿದೆ ಎಂದುಕೊಂಡು ಸುಮ್ಮನಿರಬಾರದು; ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ.

ಇದಕ್ಕೆಲ್ಲ ಮೊದಲೇ ನಾಯಿಯ ಯಜಮಾನರಿಂದ ಒಂದು ಚೀಟಿ ಬರೆಸಿಕೊಳ್ಳಿ. ತುರ್ತು ಚಿಕಿತ್ಸೆಗೆ ಒಪ್ಪಿಗೆ, ಖರ್ಚಿನ ಮಿತಿ, ಈಗ ಕೊಡುತ್ತಿರುವ ಔಷಧ, ಹಿಂದಿನ ಕಾಯಿಲೆ, ಅವರ ಪಶುವೈದ್ಯರ ನಂಬರು ಅದರಲ್ಲಿರಲಿ. ಮುಧೋಳದಂಥ ಕೊಬ್ಬಿಲ್ಲದ ಬೇಟೆ ತಳಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಒಗ್ಗುವುದಿಲ್ಲವಾದ್ದರಿಂದ ತಳಿಯ ಹೆಸರನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ನೆಂಟ ಹೋದ ಮೇಲೆ

ಹನ್ನೆರಡನೆಯ ದಿನದ ಹೊತ್ತಿಗೆ ಚುಕ್ಕಿಯೂ ಭೈರನೂ ಬೆಳಗಿನ ನಡಿಗೆಯಲ್ಲಿ ಅಕ್ಕಪಕ್ಕ ನಡೆಯುತ್ತಿದ್ದರು. ಬೆಳ್ಳಿ ಕೊನೆಯವರೆಗೂ ಅವನಿಂದ ದೂರವೇ ಇದ್ದಳು, ನಾವೂ ಒತ್ತಾಯಿಸಲಿಲ್ಲ. ತಂಗಿ ಬಂದಾಗ ಅವನು ಯಾವ ದಿನ ಎಷ್ಟು ಉಂಡ, ಮಲ ಹೇಗಿತ್ತು, ಯಾವುದಕ್ಕೆ ಬೆದರಿದ ಎಂದು ಬರೆದಿಟ್ಟಿದ್ದ ಹಾಳೆಯನ್ನು ಕೊಟ್ಟೆ. ಊರಿಗೆ ಹೋದ ಮೇಲೆ ಏನಾದರೂ ಕಾಯಿಲೆ ಕಾಣಿಸಿದರೆ ಅಲ್ಲಿನ ವೈದ್ಯರಿಗೆ ಅದು ಬೇಕಾಗುತ್ತದೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ನಾಯಿಯ ಕಂದು ಉಣ್ಣೆ ಮನೆಯೊಳಗೆ, ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುವ ಜಾತಿಯದು. ಬಂದ ನಾಯಿ ಮಲಗಿದ್ದ ಕೋಣೆಯ ಮೂಲೆ, ಬಾಗಿಲಿನ ಚೌಕಟ್ಟು, ಚಾಪೆಯ ಅಡಿಯನ್ನು ಗುಡಿಸಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಮನೆಯ ನಾಯಿಗಳ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಒಂದು ತಿಂಗಳವರೆಗೆ ದಿನವೂ ಕೈಯಾಡಿಸಿ ನೋಡಬೇಕು. ಭೈರ ಹೋದ ಹದಿಮೂರನೆಯ ದಿನ ಚುಕ್ಕಿಯ ಎಡಗಿವಿಯ ಮಡಿಕೆಯಲ್ಲಿ ಸಾಸಿವೆಕಾಳಿನಷ್ಟು ದಪ್ಪದ ಒಂದು ಉಣ್ಣೆ ಬೆರಳಿಗೆ ಸಿಕ್ಕಿತು. ಸೀಮೆಎಣ್ಣೆ ಹಚ್ಚದೆ, ಬೆಂಕಿ ತಾಗಿಸದೆ, ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆದು, ಸ್ಪಿರಿಟ್ ಇದ್ದ ಸೀಸೆಗೆ ಹಾಕಿ, ಕ್ಯಾಲೆಂಡರಿನಲ್ಲಿ ದಿನಾಂಕ ಗುರುತಿಸಿದೆ. ಮುಂದಿನ ಮೂರು ವಾರ ಜ್ವರ, ಊಟ ಬಿಡುವುದು, ಮಂಕು ಏನಾದರೂ ಕಂಡರೆ ರಕ್ತಪರೀಕ್ಷೆ ಮಾಡಿಸಬೇಕೆಂದು ಪಶುವೈದ್ಯರು ಹೇಳಿದರು. ಆ ಸಂಜೆಯೇ ತಂಗಿಗೆ ಫೋನು ಮಾಡಿ, ಭೈರನ ಕಿವಿಯನ್ನೂ ಬಿಡಿಸಿ ನೋಡಲು ಹೇಳಿದೆ.